ಅರ್ಧ ಕೆಜಿ ಕಾಫಿ ಪುಡಿ, ಹನ್ನೊಂದು ದಿನ: ಗಡಿಯಲ್ಲಿ ನಿಂತ ಒಂದು ಲೋಡಿನ ಪ್ರಕರಣ

ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯ ಸರಕು 2024ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶದ ಗಡಿಯ ಹತ್ತಿರ ಹನ್ನೊಂದು ದಿನ ನಿಂತಿತು. ಅದರ ಕಾಗದಪತ್ರ ನೋಡಿಕೊಳ್ಳುತ್ತಿದ್ದವನು ನಾನು. ಹಾಗಾಗಿ ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದೇ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಕಾರ್ಖಾನೆ, ಮಾಲೀಕರು, ಸಾಗಣೆದಾರರು, ಬ್ಯಾಂಕು, ಲಾರಿ ದಾಟಿದ ಗೇಟು, ಯಾವುದರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಕಾರ್ಖಾನೆ ಇರುವುದು ಪೀಣ್ಯದಲ್ಲಿ. 22 ಜನ ಕೆಲಸಗಾರರು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರಿಗೆ ಫೋಲ್ಡರ್ ಅಂದರೆ ಗೊತ್ತಿರುತ್ತದೆ. ಹೊಲಿಗೆ ಮೆಷಿನ್ನಿನ ಸೂಜಿಯ ಮುಂದೆ ಕೂರಿಸುವ, ಬಟ್ಟೆಯ ಅಂಚನ್ನು ತಾನೇ ಮಡಚಿ ಕೊಡುವ ತಗಡಿನ ಸಣ್ಣ ಸಾಧನ. ಅಂಗಿಯ ತೋಳಿಗೆ ಒಂದು, ಪ್ಯಾಂಟಿನ ಸೊಂಟಪಟ್ಟಿಗೆ ಇನ್ನೊಂದು. ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ಗಳಿಗೆ ಇವನ್ನು ಮಾಡಿಕೊಡುತ್ತಾ ಬೆಳೆದ ಕಾರ್ಖಾನೆ ಇದು. ಜೊತೆಗೆ ಪ್ರೆಸರ್ ಫೂಟ್, ಸೂಜಿ ತಟ್ಟೆ, ಕಟಿಂಗ್ ಟೇಬಲ್ಲಿನ ಕ್ಲಾಂಪುಗಳು. ಢಾಕಾ ಪಕ್ಕದ ಗಾಜಿಪುರದಲ್ಲಿ ಅಂಗಿ ಹೊಲಿಯುವ ಒಂದು ಫ್ಯಾಕ್ಟರಿ ಇವರ ದೊಡ್ಡ ಗಿರಾಕಿ. ಮೂರು ವರ್ಷದಲ್ಲಿ ಹದಿನಾಲ್ಕು ಸಲ ಮಾಲು ಹೋಗಿತ್ತು. ಒಂದು ಸಲವೂ ತಂಟೆ ಆಗಿರಲಿಲ್ಲ. ಈ 'ಒಂದು ಸಲವೂ' ಅನ್ನುವುದೇ ನಮ್ಮನ್ನು ಹಾಳು ಮಾಡಿದ್ದು.

ಹಡಗು ಬಿಟ್ಟು ಲಾರಿ ಯಾಕೆ ಅಂತ ಕೇಳಬಹುದು. ಮಾಲು ಅಷ್ಟಿರಲ್ಲ. ಒಂದು ಕಂಟೇನರ್ ತುಂಬುವುದಿಲ್ಲ, ಬೇರೆಯವರ ಜೊತೆ ಹಂಚಿಕೊಳ್ಳಬೇಕು, ಚೆನ್ನೈನಲ್ಲಿ ಕಾಯಬೇಕು. ಲಾರಿ ಆದರೆ ಸಂಜೆ ಪೀಣ್ಯದಲ್ಲಿ ಹತ್ತಿಸಿದರೆ ಐದನೇ ದಿನ ಬಂಗಾಳದ ಗಡಿ. ಬೆಂಗಳೂರಿಂದ ಕೋಲ್ಕತ್ತಾ ಸುಮಾರು 1,900 ಕಿಲೋಮೀಟರ್. ಅಲ್ಲಿಂದ ದೊಡ್ಡ ಗೇಟಾದ ಪೆಟ್ರಾಪೋಲ್‌ಗೆ ಇನ್ನು 80.

ಆದರೆ ಈ ಗಡಿಯಲ್ಲಿ ಮಾಮೂಲಿ ದಿನಗಳಲ್ಲೂ ದಾಟುವುದು ನಿಧಾನವೇ. 2021ರಲ್ಲಿ ವಿಶ್ವ ಬ್ಯಾಂಕ್ ಕೊಟ್ಟ ಲೆಕ್ಕದಲ್ಲಿ ಪೆಟ್ರಾಪೋಲ್‌ನಿಂದ ಆ ಕಡೆಯ ಬೆನಾಪೋಲ್‌ಗೆ ದಾಟಲು 138 ಗಂಟೆ. ಅದರಲ್ಲಿ 28 ಗಂಟೆ ಒಂದು ಲಾರಿಯಿಂದ ಇನ್ನೊಂದಕ್ಕೆ ಮಾಲು ಇಳಿಸಿ ಏರಿಸುವುದಕ್ಕೇ ಹೋಗುತ್ತಿತ್ತು. ಇಷ್ಟೇ ವಹಿವಾಟಿರುವ ಪೂರ್ವ ಆಫ್ರಿಕಾದ ಗಡಿಗಳಲ್ಲಿ ಆರು ಗಂಟೆಯೊಳಗೆ ಕೆಲಸ ಮುಗಿಯುತ್ತದಂತೆ. ಆಮೇಲೆ ಪಶ್ಚಿಮ ಬಂಗಾಳ ಸರ್ಕಾರ 'ಸುವಿಧಾ' ಅನ್ನುವ ಆನ್‌ಲೈನ್ ಸ್ಲಾಟ್ ವ್ಯವಸ್ಥೆ, ಅಂದರೆ ಲಾರಿ ದಾಟುವ ಸರದಿಯನ್ನು ಮೊದಲೇ ಕಾಯ್ದಿರಿಸುವ ಏರ್ಪಾಡು ತಂದಿತು, ಸ್ವಲ್ಪ ಹಗುರ ಆಯಿತು.

ತಪಾಸಣೆ ಹೇಗೆ ನಡೆಯುತ್ತದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ರಫ್ತುದಾರ ಶಿಪ್ಪಿಂಗ್ ಬಿಲ್ಲನ್ನು, ಅಂದರೆ ಏನು ಕಳಿಸುತ್ತಿದ್ದೇನೆ ಅನ್ನುವ ಕಸ್ಟಮ್ಸ್ ಘೋಷಣೆಯನ್ನು, ಆನ್‌ಲೈನಲ್ಲಿ ಹಾಕುತ್ತಾನೆ. ಎಲ್ಲ ಲೋಡನ್ನೂ ಬಿಚ್ಚುವುದಿಲ್ಲ. ಯಾವುದನ್ನು ಬಿಚ್ಚಬೇಕು ಅಂತ ರಿಸ್ಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಆರಿಸುತ್ತದೆ. ಆಮದಿಗೆ ಇದು 2005ರಿಂದ ಇದೆ, ರಫ್ತಿಗೆ 2013ರಿಂದ. ಅದು ಬೇಡ ಅಂದರೂ ಅಧಿಕಾರಿಗೆ ಅನುಮಾನ ಬಂದರೆ ಬಿಚ್ಚಬಹುದು. ಎಲ್ಲ ಸರಿ ಇದ್ದರೆ ಮಾಲು ದೇಶ ಬಿಡಲು ಅನುಮತಿ, ಅಂದರೆ ಲೆಟ್ ಎಕ್ಸ್‌ಪೋರ್ಟ್ ಆರ್ಡರ್. ಆಮೇಲೆ ಗೇಟಿನಲ್ಲಿ ಬಿಎಸ್‌ಎಫ್ ನೋಡುತ್ತದೆ. ಈ ಗಡಿಯಲ್ಲಿ ಅವರಿಗೆ ಎರಡು ಹಳೇ ತಲೆನೋವು. ಆ ಕಡೆಯಿಂದ ಬರುವ ಖಾಲಿ ಲಾರಿಗಳಲ್ಲಿ ಚಿನ್ನ, ಈ ಕಡೆಯಿಂದ ಹೋಗುವುದರಲ್ಲಿ ನಶೆಗೆ ಬಳಸುವ ಕೆಮ್ಮಿನ ಸಿರಪ್ಪು. ಹಾಗಾಗಿ ಡ್ರೈವರ್ ಸೀಟಿನ ಕೆಳಗೆ, ಡಬ್ಬದ ಅಡಿಯಲ್ಲಿ, ಎಲ್ಲಿ ಬೇಕಾದರೂ ಕೈ ಹಾಕಿ ನೋಡುವುದು ಅವರಿಗೆ ದಿನದ ಕೆಲಸ.

ಆಗಸ್ಟ್ 3, ಶನಿವಾರ

ಆ ಸಲದ ಆರ್ಡರು 6 ಲಕ್ಷ 40 ಸಾವಿರದ್ದು. ಹನ್ನೊಂದು ಬಗೆಯ ಐಟಂ, ಹನ್ನೊಂದು ಮರದ ಪೆಟ್ಟಿಗೆ. ಹಾಗಂತ ಒಂದು ಪೆಟ್ಟಿಗೆಗೆ ಒಂದು ಐಟಂ ಅಲ್ಲ, ಜಾಗ ಇದ್ದಲ್ಲೆಲ್ಲ ತುಂಬಿದ್ದರು. ಪೆಟ್ಟಿಗೆಗೆ ಮೊಳೆ ಹೊಡೆದು ಮೇಲೆ ಕಬ್ಬಿಣದ ಪಟ್ಟಿ ಬಿಗಿದಿದ್ದರು. 1,900 ಕಿಲೋಮೀಟರ್ ಕುಲುಕಾಟಕ್ಕೆ ತಡೆಯಬೇಕಲ್ಲ, ಅದಕ್ಕೆ ಅಷ್ಟು ಗಟ್ಟಿ. ಪೆಟ್ಟಿಗೆಯ ಮರಕ್ಕೆ, ಒಳಗಿನ ಹುಳ ಸಾಯಲಿ ಅಂತ, ನಿಯಮದ ಪ್ರಕಾರ ಹೀಟ್ ಟ್ರೀಟ್‌ಮೆಂಟ್ ಆಗಿತ್ತು, ಅಂದರೆ ಒಳಗಿನ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾಯಬೇಕು, ಆ ಮುದ್ರೆಯೂ ಇತ್ತು. ಇದೊಂದು ವಿಷಯದಲ್ಲಿ ನಾವು ಜಾಣರು.

ಅವತ್ತು ಹೊರಟ ಲಾರಿ ನಮ್ಮೊಬ್ಬರದಲ್ಲ. ಪಾರ್ಟ್ ಲೋಡ್. ನಮ್ಮ ಪೆಟ್ಟಿಗೆಗಳ ಜೊತೆ ಇನ್ನಿಬ್ಬರ ಮಾಲಿತ್ತು. ಒಬ್ಬರದು ದಾರದ ರೀಲು, ಇನ್ನೊಬ್ಬರದು ಮೋಟಾರಿನ ಬಿಡಿಭಾಗ.

ಸೋಮವಾರ, ಆಗಸ್ಟ್ 5. ಲಾರಿ ಆಂಧ್ರದಲ್ಲೆಲ್ಲೋ ಇತ್ತು. ಮಧ್ಯಾಹ್ನ ಟೀವಿಯಲ್ಲಿ ಶೇಖ್ ಹಸೀನಾ ರಾಜೀನಾಮೆ ಕೊಟ್ಟು ಢಾಕಾ ಬಿಟ್ಟ ಸುದ್ದಿ. ಗಡಿಯುದ್ದಕ್ಕೂ ಬಿಎಸ್‌ಎಫ್ ಹೈ ಅಲರ್ಟ್. ಲ್ಯಾಂಡ್ ಪೋರ್ಟುಗಳಲ್ಲಿ, ಅಂದರೆ ರಸ್ತೆಯಲ್ಲಿ ಮಾಲು ದಾಟುವ ಗಡಿ ಗೇಟುಗಳಲ್ಲಿ, ವ್ಯಾಪಾರ ನಿಂತಿತು. ಕೆಲವು ದಿನಕ್ಕೆ ಮತ್ತೆ ಶುರುವಾದಾಗ ಎಲ್ಲ ಕಡೆ ತಪಾಸಣೆ ಬಿಗಿಯಾಗಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಾವೂ ಬಾಗಿಲು ಎರಡು ಸಲ ನೋಡಿಕೊಳ್ಳುತ್ತೇವೆ, ಅಲ್ವಾ.

ನಮ್ಮ ಲಾರಿ ಗಡಿ ಹತ್ತಿರದ ಪಾರ್ಕಿಂಗ್ ಸೇರಿದ್ದು 8ನೇ ತಾರೀಕು, ಗುರುವಾರ. ಡ್ರೈವರ್ ಹಾಸನದ ಕಡೆಯವರು. ಫೋನ್ ಮಾಡಿ, "ಸಾರ್, ಮುಂದೆ ಎಷ್ಟು ಗಾಡಿ ಅಂತ ಎಣಿಸೋಕೆ ಹೋದೆ, ಬಿಟ್ಬಿಟ್ಟೆ" ಅಂದರು. ಮಳೆ ಬೇರೆ. ಟಾರ್ಪಾಲಿನ ಒಂದು ಮೂಲೆ ಹರಿದಿತ್ತು. ಅವರು ತಮ್ಮ ಹಾಸಿಗೆಯ ಕೆಳಗಿನ ಪ್ಲಾಸ್ಟಿಕ್ ಶೀಟನ್ನು ತೆಗೆದು ಆ ಮೂಲೆಗೆ ಕಟ್ಟಿದ್ದರು. ನಮ್ಮ ಪೆಟ್ಟಿಗೆ ನೆನೆಯಬಾರದು ಅಂತ. ಎರಡು ರಾತ್ರಿ ಅವರೇ ನೆನೆದರಂತೆ. ಇದು ನನಗೆ ಗೊತ್ತಾಗಿದ್ದು ಅವರು ವಾಪಸ್ ಬಂದ ಮೇಲೆ.

ನಾಳೆ ಹೋಗುತ್ತೆ

ಮೊದಲ ತಿರುವು ಇಲ್ಲೇ, ಗಡಿಯಲ್ಲಿ ಏನೂ ನಡೆಯುವ ಮುಂಚೆಯೇ. ಗಾಜಿಪುರದ ಫ್ಯಾಕ್ಟರಿಗೆ ನಮ್ಮ ಇಡೀ ಲೋಡು ತುರ್ತಾಗಿ ಬೇಕಿರಲಿಲ್ಲ. ಒಂದು ಹೊಸ ಸ್ಟೈಲಿಗೆ ಬೇಕಾದ ಫೋಲ್ಡರ್ ಸೆಟ್ಟು ಮಾತ್ರ ಬೇಕಿತ್ತು, ಒಟ್ಟು 38 ಕೆಜಿ. ಅದಿಲ್ಲದೆ ಅವರ ಎರಡು ಹೊಲಿಗೆ ಲೈನ್ ನಿಲ್ಲುತ್ತವೆ. ಆ ದೇಶದಲ್ಲಿ ಆಗಲೇ ಜುಲೈನಿಂದ ಕರ್ಫ್ಯೂ, ಇಂಟರ್‌ನೆಟ್ ಬಂದ್ ಅಂತ ಫ್ಯಾಕ್ಟರಿಗಳು ದಿನಗಟ್ಟಲೆ ಕಳೆದುಕೊಂಡಿದ್ದವು. ಇನ್ನೊಂದು ದಿನ ಕಳೆಯಲು ಅವರಿಗೆ ಆಗುತ್ತಿರಲಿಲ್ಲ.

ಪೀಣ್ಯದಲ್ಲಿ ಇನ್ನೊಂದು ಸೆಟ್ಟು ಮಾಡಿ ದೇವನಹಳ್ಳಿ ಏರ್‌ಪೋರ್ಟಿಂದ ವಿಮಾನದಲ್ಲಿ ಕಳಿಸಬಹುದಿತ್ತು. ಮಾಲೀಕರಿಗೆ 9ನೇ ತಾರೀಕೇ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಲಾರಿ ಯಾವಾಗ ದಾಟುತ್ತೆ?" ಗಡಿಯಲ್ಲಿ ನಮ್ಮ ಕಸ್ಟಮ್ಸ್ ಕೆಲಸ ನೋಡುತ್ತಿದ್ದ ಏಜೆಂಟರಿಗೆ ಕೇಳಿದೆ. "ನಾಳೆ ಆಗಬಹುದು." ಮಾರನೇ ದಿನವೂ "ನಾಳೆ ಆಗಬಹುದು." ನಾಳೆಯೇ ದಾಟುತ್ತದೆ ಅಂದರೆ ವಿಮಾನಕ್ಕೆ ಯಾಕೆ 21 ಸಾವಿರ ಸುರಿಯಬೇಕು? ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಹೀಗೆ ಐದು ದಿನ ಒಂದೊಂದೇ 'ನಾಳೆ' ಅಂತ ಹೋಯಿತು. 8ನೇ ತಾರೀಕೇ ಯಾರಾದರೂ ಬಂದು, "ಸ್ವಾಮಿ, ಹನ್ನೊಂದು ದಿನ ಆಗುತ್ತೆ" ಅಂದಿದ್ದರೆ ಅವತ್ತೇ ರಾತ್ರಿ ಸೆಟ್ಟು ಹೊರಡುತ್ತಿತ್ತು, ಯಾರಿಗೂ ನಷ್ಟ ಇರಲಿಲ್ಲ. ಹನ್ನೊಂದು ದಿನ ಅನ್ನುವುದು ಗೊತ್ತಿದ್ದರೆ ಅದೊಂದು ಖರ್ಚು ಅಷ್ಟೇ, ಬೆಲೆಗೆ ಸೇರಿಸಿಬಿಡಬಹುದು. ಯಾವಾಗ ಅಂತ ಗೊತ್ತಿಲ್ಲದ ಒಂದು ದಿನಕ್ಕೆ ಬೆಲೆ ಕಟ್ಟುವುದು ಹೇಗೆ?

ಬಿಗಿ ತಪಾಸಣೆ ಅಂದರೆ ಜನ ಲೆಕ್ಕ ಹಾಕುವುದು ಪೆಟ್ಟಿಗೆ ಬಿಚ್ಚುವ ಸಮಯವನ್ನು. ನಮ್ಮ ಲೋಡನ್ನು ಬಿಚ್ಚಿ ನೋಡಿದ್ದು ಕೊನೆಗೆ ಒಂದೂವರೆ ಗಂಟೆ.

ಏಳನೇ ಪೆಟ್ಟಿಗೆ

13ನೇ ತಾರೀಕು, ಮಂಗಳವಾರ ನಮ್ಮ ಗಾಡಿಯ ಸರದಿ ಬಂತು. ಬಿಚ್ಚಿ ಅಂದರು. ಮೊಳೆ ಕೀಳಲು ಹಾರೆ ಬೇಕು, ಪಟ್ಟಿ ಕತ್ತರಿಸಲು ಕತ್ತರಿ ಬೇಕು, ಹಮಾಲರು ಬೇಕು. ಎಲ್ಲ ಹುಡುಕಿ ತಂದರು. ಎರಡು ಪೆಟ್ಟಿಗೆಯ ಮುಚ್ಚಳ ಸೀಳಿಹೋಯಿತು. ಏಳನೇ ಪೆಟ್ಟಿಗೆಯಲ್ಲಿ ಕ್ಲಾಂಪುಗಳ ನಡುವೆ ಬಟ್ಟೆ ಸುತ್ತಿದ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಕಂದು ಬಣ್ಣದ ಪುಡಿ. ಲೇಬಲ್ ಇಲ್ಲದ ಪ್ಲಾಸ್ಟಿಕ್ ಕವರ್, ಬಾಯಿಗೆ ರಬ್ಬರ್ ಬ್ಯಾಂಡು.

ಅದು ಕಾಫಿ ಪುಡಿ. ಅರ್ಧ ಕೆಜಿ, ಇಪ್ಪತ್ತು ಪರ್ಸೆಂಟ್ ಚಿಕೋರಿ.

ಆಗಿದ್ದು ಇಷ್ಟು. ಮಾರ್ಚ್‌ನಲ್ಲಿ ಗಾಜಿಪುರದಿಂದ ಅವರ ಮೆಂಟೆನೆನ್ಸ್ ಇನ್‌ಚಾರ್ಜ್ ಪೀಣ್ಯಕ್ಕೆ ಬಂದಿದ್ದರು. ಮೂರು ದಿನ ಇದ್ದರು. ಕಾರ್ಖಾನೆಯಲ್ಲಿ ದಿನಕ್ಕೆ ನಾಲ್ಕು ಸಲ ಫಿಲ್ಟರ್ ಕಾಫಿ ಕುಡಿದು, ಹೋಗುವಾಗ "ಇದೊಂದು ನಮ್ಮೂರಲ್ಲಿ ಸಿಗಲ್ಲ" ಅಂದಿದ್ದರು. ನಮ್ಮ ಪ್ಯಾಕಿಂಗ್ ಸೂಪರ್‌ವೈಸರ್ ಅದನ್ನು ನೆನಪಿಟ್ಟುಕೊಂಡರು. ಪೆಟ್ಟಿಗೆ ಮುಚ್ಚುವ ದಿನ ಬೆಳಿಗ್ಗೆ ಮಾಮೂಲಿ ಅಂಗಡಿಯಲ್ಲಿ ಪುಡಿ ಮಾಡಿಸಿ, ಒಂದು ಸಣ್ಣ ಸ್ಟೀಲ್ ಫಿಲ್ಟರ್ ಜೊತೆ ಒಳಗಿಟ್ಟರು. ಹದಿನೈದು ವರ್ಷದಿಂದ ಇರುವ ಮನುಷ್ಯ. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದು ಅಂತ ಅವರಿಗೆ ಅನ್ನಿಸಲೂ ಇಲ್ಲ. ಊರಿಗೆ ಹೋಗುವವರ ಬ್ಯಾಗಿಗೆ ನಾವು ಚಕ್ಕುಲಿ ತುರುಕುವುದಿಲ್ಲವಾ, ಹಾಗೆ.

ಅದು ಕಾಫಿ ಅಂತ ಅಲ್ಲಿದ್ದ ಎಲ್ಲರ ಮೂಗಿಗೂ ಗೊತ್ತಾಗಿತ್ತು. ಆದರೆ ಫೈಲಿಗೆ ಮೂಗಿರಲ್ಲ. ಹೈ ಅಲರ್ಟ್ ಇರುವ ಗಡಿ, ಲೋಹದ ಸಾಮಾನಿನ ನಡುವೆ ಬಚ್ಚಿಟ್ಟ ಹಾಗೆ ಕಾಣುವ ಪುಡಿ, ಇನ್‌ವಾಯ್ಸಲ್ಲಿ ಇಲ್ಲ, ಪ್ಯಾಕಿಂಗ್ ಲಿಸ್ಟಲ್ಲಿ ಇಲ್ಲ. ಯಾವ ಅಧಿಕಾರಿಯೂ ಅದನ್ನು "ಹೋಗಲಿ ಬಿಡಿ" ಅನ್ನಲಾರ. ಸ್ಯಾಂಪಲ್ ತೆಗೆದರು. ಪೂರ್ತಿ ಲಾರಿ ನಿಂತಿತು, ದಾರದ ರೀಲಿನ ಸಮೇತ. ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 113ರಲ್ಲಿ, ಘೋಷಿಸದೆ ಸಾಗಿಸಲು ಹೊರಟ ಮಾಲನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಕಾಫಿಗೂ ಅದೇ ಸೆಕ್ಷನ್ನು.

ಸುದ್ದಿ ಪೀಣ್ಯಕ್ಕೆ ಬಂದಾಗ ನಾನು ಅಲ್ಲೇ ಇದ್ದೆ. ಮಾಲೀಕರು ಫೋನ್ ಇಟ್ಟು ಸುಮ್ನೆ ಕೂತರು. ಸೂಪರ್‌ವೈಸರ್ ಬಂದು ನಿಂತು, "ಪೊಲೀಸ್ ಕೇಸಾಗುತ್ತಾ ಸಾರ್?" ಅಂತ ಕೇಳಿದರು. ಅವರ ಕೈಯಲ್ಲಿ ಇನ್ನೂ ಸ್ಪ್ಯಾನರ್ ಇತ್ತು.

ಮೂರು ದಾರಿ

ಅವತ್ತು ಸಂಜೆ ನಮ್ಮ ಮುಂದೆ ಮೂರು ದಾರಿ ಇದ್ದವು. ಒಂದು, ಯಾರನ್ನಾದರೂ ಹಿಡಿಯುವುದು. ಮಾಲೀಕರಿಗೆ ದೂರದ ಸಂಬಂಧಿಯೊಬ್ಬರು ದೆಹಲಿಯಲ್ಲಿ ಇದ್ದರು, ಅವರಿಗೆ ಹೇಳಿಸೋಣವೇ ಅಂದರು. ನಾನು ಬೇಡ ಅಂದೆ. ನೀತಿಯ ಮಾತಂತ ಅಲ್ಲ. ಅಂಥ ವಾರದಲ್ಲಿ, ಪುಡಿ ಸಿಕ್ಕ ಲೋಡಿನ ಪರವಾಗಿ ಮೇಲಿಂದ ಫೋನು ಬಂದರೆ ಅನುಮಾನ ಕಡಿಮೆ ಆಗುತ್ತದಾ, ಜಾಸ್ತಿ ಆಗುತ್ತದಾ ನೀವೇ ಹೇಳಿ.

ಎರಡನೇ ದಾರಿ ಸರಿಯಾದದ್ದು ಅಂತಲೇ ಕಾಣುತ್ತಿತ್ತು. ಕಾಯ್ದೆಯ ಸೆಕ್ಷನ್ 149ರಲ್ಲಿ ಕಾಗದಪತ್ರ ತಿದ್ದುಪಡಿಗೆ ಅವಕಾಶ ಇದೆ. ಇನ್‌ವಾಯ್ಸಿಗೆ ಹನ್ನೆರಡನೇ ಸಾಲು ಸೇರಿಸಿ, 'ಕಾಫಿ ಪುಡಿ, ಅರ್ಧ ಕೆಜಿ, ಉಡುಗೊರೆ, ವ್ಯಾಪಾರದ ಬೆಲೆ ಇಲ್ಲ' ಅಂತ ಬರೆದು ಕೊಡುವುದು. ನಾನು ಅದನ್ನು ಟೈಪ್ ಮಾಡಿಯೂ ಆಗಿತ್ತು. ರಾತ್ರಿ ಹತ್ತೂವರೆಗೆ, ಊಟ ಮಾಡುತ್ತಿರುವಾಗ, ಎಲ್‌ಸಿ ನೆನಪಾಯಿತು.

ನಮ್ಮ ದುಡ್ಡು ಬರಬೇಕಾಗಿದ್ದು ಲೆಟರ್ ಆಫ್ ಕ್ರೆಡಿಟ್ ಮೇಲೆ, ಅಂದರೆ ಹೇಳಿದ ಕಾಗದಪತ್ರ ಕೊಟ್ಟರೆ ದುಡ್ಡು ಕೊಡುತ್ತೇವೆ ಅಂತ ಗಿರಾಕಿಯ ಬ್ಯಾಂಕು ಬರೆದುಕೊಟ್ಟ ಭರವಸೆ ಮೇಲೆ. ಎಲ್‌ಸಿ ಅಂದರೆ ಬ್ಯಾಂಕು ಮಾಲನ್ನು ನೋಡುವುದಿಲ್ಲ, ಕಾಗದವನ್ನು ನೋಡುತ್ತದೆ. ಎಲ್‌ಸಿಯಲ್ಲಿ ಹನ್ನೊಂದು ಐಟಂ ಇದ್ದು ಇನ್‌ವಾಯ್ಸಲ್ಲಿ ಹನ್ನೆರಡಾದರೆ, ಆ ಹನ್ನೆರಡನೆಯದು ಬಿಟ್ಟಿ ಕಾಫಿಯೇ ಆಗಿದ್ದರೂ, ಬ್ಯಾಂಕು ಡಿಸ್ಕ್ರೆಪೆನ್ಸಿ, ಅಂದರೆ ಕಾಗದ ತಾಳೆಯಾಗಿಲ್ಲ, ಅಂತ ಷರಾ ಹಾಕಿ ವಾಪಸ್ ಕಳಿಸಬಹುದು. ಆ ಕಡೆಯ ಬ್ಯಾಂಕು ಎಲ್‌ಸಿಯನ್ನು ತಿದ್ದಬೇಕು. ಢಾಕಾದ ಬ್ಯಾಂಕುಗಳು ಆ ವಾರ ಯಾವ ಸ್ಥಿತಿಯಲ್ಲಿದ್ದವು ಅಂತ ಊಹಿಸಿಕೊಳ್ಳಿ. ನಮ್ಮ ಎಲ್‌ಸಿ ಮುಗಿಯುವುದು ಆಗಸ್ಟ್ 31ಕ್ಕೆ. ಕಾಫಿಯನ್ನು ಕಾಗದಕ್ಕೆ ಸೇರಿಸಿ ಗಡಿಯಲ್ಲಿ ಗೆದ್ದು, ಬ್ಯಾಂಕಿನಲ್ಲಿ 6 ಲಕ್ಷ 40 ಸಾವಿರ ಸಿಕ್ಕಿಸಿಕೊಳ್ಳುವ ಕೆಲಸ ಮಾಡುತ್ತಿದ್ದೆ ನಾನು.

ಹಾಗಾಗಿ ಮೂರನೇ ದಾರಿ. ಕಾಗದ ಮುಟ್ಟುವುದು ಬೇಡ. ಕಾಫಿಯನ್ನು ಬಿಟ್ಟುಕೊಡೋಣ. ನಮ್ಮ ತಪ್ಪು ಅಂತ ಒಪ್ಪಿ ಪತ್ರ ಬರೆಯೋಣ, ಪುಡಿಯನ್ನು ವಶಕ್ಕೆ ತೆಗೆದುಕೊಳ್ಳಿ, ದಂಡ ಹಾಕಿ, ಉಳಿದ ಹನ್ನೊಂದು ಐಟಂ ಬಿಡಿ ಅಂತ ಕೇಳೋಣ.

ಪತ್ರವನ್ನು ಸೂಪರ್‌ವೈಸರ್ ಕೈಯಲ್ಲೇ ಮೊದಲು ಕನ್ನಡದಲ್ಲಿ ಬರೆಸಿದೆ. ಯಾರು ಬಂದಿದ್ದರು, ಏನು ಕೇಳಿದರು, ಎಲ್ಲಿ ಪುಡಿ ಮಾಡಿಸಿದೆ, ಎಷ್ಟು ಕೊಟ್ಟೆ. ಅಂಗಡಿಯ ಚೀಟಿ ಅವರ ಜೇಬಲ್ಲೇ ಇತ್ತು, ಒಗೆದು ಮುದ್ದೆಯಾಗಿತ್ತು, ಆದರೂ ತಾರೀಕು ಓದಬಹುದಿತ್ತು. ಅದರ ಫೋಟೋ, ಮಾರ್ಚ್‌ನಲ್ಲಿ ಆ ಅತಿಥಿ ಲೋಟ ಹಿಡಿದು ನಿಂತಿದ್ದ ಫೋಟೋ, ಇಂಗ್ಲಿಷ್ ಅನುವಾದ, ಎಲ್ಲ ಸೇರಿಸಿ ಬುಧವಾರ ಬೆಳಿಗ್ಗೆ ಕಳಿಸಿದೆವು. ಅದೇ ದಿನ ಮಾಲೀಕರು ಕೊನೆಗೂ 38 ಕೆಜಿ ಸೆಟ್ಟನ್ನು ವಿಮಾನಕ್ಕೆ ಹಾಕಿದರು. ಐದು ದಿನ ತಡವಾಗಿ.

ಗುರುವಾರ ಆಗಸ್ಟ್ 15, ರಜೆ. ಶುಕ್ರವಾರ ವಿಚಾರಣೆ. ಶನಿವಾರ, ಭಾನುವಾರ ಏನೂ ಇಲ್ಲ. ಸೋಮವಾರ 19ಕ್ಕೆ ಆದೇಶ ಬಂತು. ಪುಡಿ ಮುಟ್ಟುಗೋಲು, 5 ಸಾವಿರ ದಂಡ, ಉಳಿದ ಮಾಲು ಬಿಡುಗಡೆ. ಸಂಜೆ ಲಾರಿ ದಾಟಿತು. 23ಕ್ಕೆ ಬ್ಯಾಂಕಿಗೆ ಕಾಗದ ಕೊಟ್ಟೆವು, ಒಂದು ಅಕ್ಷರವೂ ಬದಲಾಗದ ಕಾಗದ. ದುಡ್ಡು ಬಂತು.

ಸ್ಟೀಲ್ ಫಿಲ್ಟರ್ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ಅದೂ ಸ್ಪೇರ್ ಪಾರ್ಟಿನ ಹಾಗೇ ಕಂಡಿರಬೇಕು. ಗಾಜಿಪುರದ ಸ್ಟೋರ್ ಕೀಪರ್ ಅದರ ಫೋಟೋ ಕಳಿಸಿ, ಇದು ಯಾವ ಮೆಷಿನ್ನಿನ ಭಾಗ, ಪಾರ್ಟ್ ನಂಬರ್ ಏನು ಅಂತ ಕೇಳಿದ್ದರು.

ಲೆಕ್ಕ, ಮತ್ತೆ ನನ್ನ ಪಾಲು

ಲಾರಿ ಸುಮ್ನೆ ನಿಂತ ದಿನಗಳಿಗೆ ಕೊಡುವ ಹಾಲ್ಟಿಂಗ್ ಬಾಡಿಗೆ ದಿನಕ್ಕೆ 2,500. ಮೊದಲ ಎರಡು ದಿನ ಬಿಟ್ಟಿ. ಸರತಿಯಲ್ಲಿ ಕಾದ ಉಳಿದ ಮೂರು ದಿನವನ್ನು ಮೂವರೂ ಹಂಚಿಕೊಂಡೆವು, ನಮ್ಮ ಪಾಲು 2,500. ಕಾಫಿಯ ಆರು ದಿನ ಪೂರ್ತಿ ನಮ್ಮದೇ, 15 ಸಾವಿರ. ದಾರದ ರೀಲಿನವರು ಫೋನಲ್ಲಿ ಬೈದಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ, ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ದಂಡ 5 ಸಾವಿರ, ಪೆಟ್ಟಿಗೆ ರಿಪೇರಿ ಮತ್ತು ಹಮಾಲಿ 4 ಸಾವಿರ, ವಿಮಾನ 21 ಸಾವಿರ. ಒಟ್ಟು 47,500. ಆ ಆರ್ಡರಿನ ಲಾಭ ಸುಮಾರು 57 ಸಾವಿರ ಇತ್ತು. ಉಳಿದದ್ದು ಹತ್ತು ಸಾವಿರದ ಹತ್ತಿರ.

ಕಾರ್ಖಾನೆಯಲ್ಲಿ ಎಲ್ಲರೂ ಕಾಫಿಯನ್ನೇ ಬೈದರು. ನಾನೂ. ಸೆಪ್ಟೆಂಬರ್‌ನಲ್ಲಿ ಫೈಲ್ ಮುಚ್ಚುವ ಮುಂಚೆ ಗಡಿಯ ಏಜೆಂಟರಿಗೆ ಸುಮ್ನೆ ಒಂದು ಪ್ರಶ್ನೆ ಕೇಳಿದೆ. ಅವತ್ತು ಎಲ್ಲ ಲಾರಿಯ ಎಲ್ಲ ಪೆಟ್ಟಿಗೆಯನ್ನೂ ಬಿಚ್ಚಿದರಾ? ಇಲ್ಲವಂತೆ. ನಮ್ಮ ಲಾರಿಯಲ್ಲೇ ದಾರದ ರೀಲುಗಳನ್ನು ಎರಡು ಡಬ್ಬ ನೋಡಿ ಬಿಟ್ಟರಂತೆ. ನಮ್ಮದನ್ನು ಮಾತ್ರ ಪೂರ್ತಿ ಬಿಚ್ಚಿಸಿದರು. ಯಾಕೆ? ಅಧಿಕಾರಿ ನಮ್ಮ ಪ್ಯಾಕಿಂಗ್ ಲಿಸ್ಟ್ ಹಿಡಿದು, "ಅಸಾರ್ಟೆಡ್ ಅಂದ್ರೆ ಏನು?" ಅಂತ ಕೇಳಿದರಂತೆ. ಏಜೆಂಟರ ಹತ್ತಿರ ಉತ್ತರ ಇರಲಿಲ್ಲ.

ಅಸಾರ್ಟೆಡ್ ಅಂದರೆ ಬಗೆಬಗೆಯದು, ಬೆರಕೆ. ಅದು ನನ್ನ ಪದ. 'ಗಾರ್ಮೆಂಟ್ ಮೆಷಿನರಿ ಸ್ಪೇರ್ ಪಾರ್ಟ್ಸ್, ಅಸಾರ್ಟೆಡ್.' ಮೂರು ವರ್ಷದ ಹಿಂದೆ ಮೊದಲ ಲೋಡಿಗೆ ನಾನು ಟೈಪ್ ಮಾಡಿದ ಸಾಲು, ಆಮೇಲೆ ಹದಿನಾಲ್ಕು ಸಲ ಕಾಪಿ ಮಾಡಿದ್ದು. ಎಲ್ಲ ಹನ್ನೊಂದು ಐಟಮ್ಮಿಗೂ ಹೊಲಿಗೆ ಮೆಷಿನ್ನಿನ 8452 ಅನ್ನುವ ಒಂದೇ ಎಚ್‌ಎಸ್ ಕೋಡು (ಮಾಲು ಯಾವ ಬಗೆಯದು ಅಂತ ಕಸ್ಟಮ್ಸ್‌ಗೆ ಹೇಳುವ ಸಂಖ್ಯೆ), ಟೇಬಲ್ ಕ್ಲಾಂಪಿಗೂ ಅದೇ. ಎಲ್‌ಸಿಯಲ್ಲಿ ಹನ್ನೊಂದು ಹೆಸರು ಬಿಡಿಬಿಡಿಯಾಗಿ ಇದ್ದವು, ಇನ್‌ವಾಯ್ಸಲ್ಲೂ ಇದ್ದವು. ಆದರೆ ಯಾವ ಪೆಟ್ಟಿಗೆಯಲ್ಲಿ ಯಾವುದು ಅಂತ ನಾನು ಎಲ್ಲೂ ಬರೆದಿರಲಿಲ್ಲ. ಏಳನೇ ಪೆಟ್ಟಿಗೆಯಲ್ಲಿ ಏನಿದೆ ಅಂತ ಅವತ್ತು ನನ್ನನ್ನೇ ಕೇಳಿದ್ದರೂ ನನಗೆ ಗೊತ್ತಿರಲಿಲ್ಲ. ಏನಿದೆ ಅಂತ ಮಾಲಿನವನಿಗೇ ಗೊತ್ತಿಲ್ಲದ ಪೆಟ್ಟಿಗೆಯನ್ನು ಬಿಚ್ಚದೆ ಇನ್ನೇನು ಮಾಡುತ್ತಾರೆ. ಆರಾಮದ ದಿನಗಳಲ್ಲಿ 'ಅಸಾರ್ಟೆಡ್' ಮೇಲೆ ಯಾರ ಕಣ್ಣೂ ನಿಲ್ಲುತ್ತಿರಲಿಲ್ಲ. ಬಿಗಿಯಾದ ವಾರದಲ್ಲಿ ನಿಂತಿತು.

ಇದನ್ನು ಮಾಲೀಕರಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಹೇಳಿದೆ. ಆ ತಿಂಗಳ ನನ್ನ ಫೀಸು ತೆಗೆದುಕೊಳ್ಳಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಸೂಪರ್‌ವೈಸರ್ ಮುಂದೆಯೂ ಹೇಳಿದೆ, ಯಾಕೆಂದರೆ ಅಷ್ಟು ದಿನ ಆ ಮನುಷ್ಯ ಕ್ಯಾಂಟೀನಿಗೆ ಬರುವುದನ್ನೇ ಬಿಟ್ಟಿದ್ದರು.

ಬಿಚ್ಚಲು ಸುಲಭವಾದ ಪೆಟ್ಟಿಗೆ

ಆಮೇಲೆ ಪ್ಯಾಕಿಂಗ್ ಬದಲಾಯಿಸಿದ್ದು ಅದೇ ಸೂಪರ್‌ವೈಸರ್. ಐಡಿಯಾ ಅವರದೇ. "ಸಾರ್, ನಾವು ಪೆಟ್ಟಿಗೆಯನ್ನ ರಸ್ತೆಗೆ ಅಂತ ಮಾಡ್ತಿದೀವಿ. ಬಿಚ್ಚೋರಿಗೆ ಅಂತ ಮಾಡಿದ್ರೆ?" ಅಂದರು. ಮೊಳೆ ಹೋಯಿತು. ಮುಚ್ಚಳಕ್ಕೆ ಒಂದು ಕಡೆ ಕೀಲು, ಇನ್ನೊಂದು ಕಡೆ ನಾಲ್ಕು ಬೋಲ್ಟು, ಬೋಲ್ಟ್ ಬಿಚ್ಚುವ ಅಲೆನ್ ಕೀಯನ್ನು ಪೆಟ್ಟಿಗೆಗೇ ತಂತಿಯಲ್ಲಿ ಕಟ್ಟಿದರು. ಒಂದು ಪೆಟ್ಟಿಗೆಗೆ ಒಂದೇ ಐಟಂ, ಜಾಗ ಉಳಿದರೂ ಪರವಾಗಿಲ್ಲ. ಮುಚ್ಚಳದ ಒಳಗೆ ಲ್ಯಾಮಿನೇಟ್ ಮಾಡಿದ ಒಂದು ಫೋಟೋ: ತುಂಬಿದ ಪೆಟ್ಟಿಗೆ ಮೇಲಿಂದ ಹೇಗೆ ಕಾಣುತ್ತದೆ, ಎಷ್ಟು ಪೀಸು, ಎಷ್ಟು ತೂಕ. ಅಧಿಕಾರಿ ಮುಚ್ಚಳ ಎತ್ತಿದರೆ ಫೋಟೋ ಮತ್ತು ಮಾಲು ಪಕ್ಕಪಕ್ಕದಲ್ಲೇ. ಮುಚ್ಚಿದ ಮೇಲೆ ನಂಬರಿನ ಸೀಲು, ಆ ನಂಬರು ಪ್ಯಾಕಿಂಗ್ ಲಿಸ್ಟಿನಲ್ಲಿ. ಸೀಲು ಹಾಕಿದ ಮೇಲೆ ಸೂಪರ್‌ವೈಸರೇ ಆಗಲಿ, ಮಾಲೀಕರೇ ಆಗಲಿ, ಬಿಚ್ಚಿದರೆ ಹೊಸ ಸೀಲು, ಹೊಸ ಕಾಗದ.

ಕಾಗದದ ಕಡೆ ನನ್ನ ಕೆಲಸ. 'ಅಸಾರ್ಟೆಡ್' ಅಳಿಸಿದೆ. ಪೆಟ್ಟಿಗೆಗೆ ಒಂದು ಸಾಲು, ಸಾಲಿಗೆ ಅದರದೇ ಕೋಡು. ಗುರುತಿಲ್ಲದವರ ಜೊತೆ ಪಾರ್ಟ್ ಲೋಡ್ ಬೇಡ ಅಂತ ತೀರ್ಮಾನಿಸಿದೆವು, ಬಾಡಿಗೆ ಜಾಸ್ತಿಯಾದರೂ. ನಮ್ಮಿಂದ ಇನ್ನೊಬ್ಬರಿಗೆ ಆದದ್ದು ನಾಳೆ ಇನ್ನೊಬ್ಬರಿಂದ ನಮಗೂ ಆಗಬಹುದಲ್ಲ. ಮತ್ತೊಂದು ನಿಯಮ ಮಾಲೀಕರು ಮಾಡಿದ್ದು, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಲಾರಿ ಪಾರ್ಕಿಂಗ್ ಸೇರಿ 48 ಗಂಟೆಯಲ್ಲಿ ಸರದಿ ಬರದಿದ್ದರೆ ತುರ್ತಿನ ಸೆಟ್ಟು ವಿಮಾನಕ್ಕೆ. ಯಾರನ್ನೂ ಕೇಳುವ ಹಾಗಿಲ್ಲ, 'ನಾಳೆ' ಅನ್ನುವ ಮಾತು ಕೇಳುವ ಹಾಗಿಲ್ಲ.

ನವೆಂಬರಿನ ಲೋಡು ಸರತಿಯಲ್ಲಿ ನಾಲ್ಕು ದಿನ ನಿಂತಿತು. ಅದು ನಮ್ಮ ಕೈಲಿಲ್ಲ. ಆದರೆ ಬಿಚ್ಚಿ ನೋಡಿ ಮುಚ್ಚಿದ್ದು 35 ನಿಮಿಷ, ಅದೇ ದಿನ ದಾಟಿತು. 48 ಗಂಟೆ ಕಳೆದಿದ್ದಕ್ಕೆ ತುರ್ತು ಸೆಟ್ಟು ಆಗಲೇ ವಿಮಾನದಲ್ಲಿ ಹೋಗಿ ಮುಟ್ಟಿತ್ತು. ಜನವರಿಯ ಲೋಡನ್ನು ಬಿಚ್ಚಲೇ ಇಲ್ಲ. ನಮ್ಮ ಪೆಟ್ಟಿಗೆ ನೋಡಿ ಬಿಟ್ಟರೋ, ಅದೃಷ್ಟವೋ, ಎರಡು ಲೋಡಿನ ಮೇಲೆ ಹೇಳುವುದು ತಪ್ಪು.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಮುಂಚೆ ನಾನು 2022ರ ಏಪ್ರಿಲ್‌ನ ಅಮೆರಿಕದ ಟೆಕ್ಸಾಸ್ ಕತೆ ಹೇಳಿ ಎಲ್ಲ ತಪಾಸಣೆಯನ್ನೂ ಬೈಯುತ್ತಿದ್ದೆ. ಅಲ್ಲಿ ಮೆಕ್ಸಿಕೋ ಕಡೆಯಿಂದ ಬಂದು, ಕೇಂದ್ರದ ಕಸ್ಟಮ್ಸ್ ನೋಡಿ ಬಿಟ್ಟ ಪ್ರತಿ ಲಾರಿಯನ್ನೂ ರಾಜ್ಯದ ಪೊಲೀಸರು ಮತ್ತೆ ನಿಲ್ಲಿಸಿ ನೋಡಲು ಗವರ್ನರ್ ಗ್ರೆಗ್ ಅಬಾಟ್ ಆದೇಶ ಕೊಟ್ಟರು. ಲಾರಿಗಳು ದಿನಗಟ್ಟಲೆ ನಿಂತವು, ತರಕಾರಿ ಹಣ್ಣು ಕೊಳೆತವು, ಡ್ರೈವರುಗಳು ಫಾರ್ ಅನ್ನುವ ಊರಿನ ಸೇತುವೆಯನ್ನೇ ಬಂದ್ ಮಾಡಿದರು. ಎರಡು ವಾರದೊಳಗೆ ಆದೇಶ ಹಿಂದಕ್ಕೆ ಹೋಯಿತು. ಅದು ನಿಜಕ್ಕೂ ದಡ್ಡ ತಪಾಸಣೆ, ನೋಡಿದ್ದನ್ನೇ ನೋಡುವುದು. ಆದರೆ ನಮ್ಮ ಏಳನೇ ಪೆಟ್ಟಿಗೆಯ ವಿಷಯದಲ್ಲಿ ಆ ಅಧಿಕಾರಿ ಮಾಡಿದ್ದು ಅದಲ್ಲ. ಅವರು ಒಂದು ಪ್ರಶ್ನೆ ಕೇಳಿದರು, ಉತ್ತರ ಇರಲಿಲ್ಲ, ಬಿಚ್ಚಿಸಿದರು.

ಕೀಲು, ಬೋಲ್ಟು, ಫೋಟೋ ಎಲ್ಲ ತಪಾಸಣೆಗೆ ಉತ್ತರ, ಸರ್ಕಾರಗಳ ಮುನಿಸಿಗೆ ಅಲ್ಲ. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶ ಭಾರತದ ನೂಲನ್ನು ಲ್ಯಾಂಡ್ ಪೋರ್ಟಿನಿಂದ ತರುವುದನ್ನು ನಿಲ್ಲಿಸಿತು. ಅದೇ ತಿಂಗಳು ಭಾರತ ಅವರಿಗೆ ಕೊಟ್ಟಿದ್ದ ಟ್ರಾನ್ಸ್‌ಶಿಪ್‌ಮೆಂಟ್ ಸೌಲಭ್ಯ, ಅಂದರೆ ಇಲ್ಲಿಯ ಬಂದರು, ಏರ್‌ಪೋರ್ಟಿನ ಮೂಲಕ ಬೇರೆ ದೇಶಕ್ಕೆ ಮಾಲು ಕಳಿಸುವ ಅವಕಾಶ, ವಾಪಸ್ ತೆಗೆದುಕೊಂಡಿತು. ಮೇ 17ರಂದು, ಅಲ್ಲಿಯ ಸಿದ್ಧ ಉಡುಪು ಯಾವ ಲ್ಯಾಂಡ್ ಪೋರ್ಟಿನಿಂದಲೂ ಬರುವಂತಿಲ್ಲ, ಮುಂಬೈ ಹತ್ತಿರದ ನವಾ ಶೇವಾ ಮತ್ತು ಕೋಲ್ಕತ್ತಾ ಬಂದರಿನಿಂದ ಮಾತ್ರ ಅಂತ ಭಾರತ ಆದೇಶ ಮಾಡಿತು. ನಮ್ಮ ಸ್ಪೇರ್ ಪಾರ್ಟು ಈ ಯಾವ ಪಟ್ಟಿಯಲ್ಲೂ ಇಲ್ಲ. ಆದರೆ ಗಾಜಿಪುರದ ಆ ಫ್ಯಾಕ್ಟರಿ ಹೊಲಿಯುತ್ತಿದ್ದ ಅಂಗಿಗಳಲ್ಲಿ ಒಂದು ಪಾಲು ಲಾರಿಯಲ್ಲಿ ಭಾರತದ ಅಂಗಡಿಗಳಿಗೇ ಬರುತ್ತಿತ್ತು. ಆ ಲೈನ್ ನಿಂತ ಮೇಲೆ ಅದಕ್ಕೆ ಫೋಲ್ಡರ್ ಯಾಕೆ? ಅವರ ಆರ್ಡರು ಅರ್ಧಕ್ಕೆ ಇಳಿಯಿತು.

ಕೊನೆಯ ಆರ್ಡರಿನಲ್ಲಿ ಆರು ಪೆಟ್ಟಿಗೆ ಇತ್ತು. ಎರಡು ಹೋಯಿತು. ನಾಲ್ಕು ಈಗಲೂ ಪೀಣ್ಯದಲ್ಲಿ ಶಟರಿನ ಪಕ್ಕ ಇವೆ, ಕೀಲು, ಫೋಟೋ, ಸೀಲು ಎಲ್ಲ ಸಮೇತ. ಗಾಜಿಪುರದಿಂದ 'ಕಳಿಸಿ' ಅನ್ನುವ ಮೆಸೇಜಿಗೆ ಕಾಯುತ್ತಿದ್ದೇವೆ. ಮೇಲಿನ ಪೆಟ್ಟಿಗೆಯನ್ನು ಹುಡುಗರು ಲೋಟ ಇಡುವ ಟೇಬಲ್ ಮಾಡಿಕೊಂಡಿದ್ದಾರೆ.